ಮರಿಯಿದ್ದಾಗ ಪಟ್ಟ ಪಾಡು ಬೆಳೆದ ಮೇಲೂ ಬಿಡದೇ? ಅಂಬೋಸೆಲಿಯ ಬಬೂನ್, ರುವಾಂಡಾದ ಗೊರಿಲ್ಲಾ, ಹಾಸನದ ಆನೆ (ಚರ್ಚೆ)

ಕಾಡುಹರಟೆ (ಚರ್ಚೆ ಶುರು ಮಾಡಿದವರು)

ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡ್ತಾ ಇದೆ: ‘ಬಾಲ್ಯದ ನೋವು ಹತ್ತು ವರ್ಷ ಆಯಸ್ಸು ಕಿತ್ತುಕೊಳ್ಳುತ್ತೆ, ವಿಜ್ಞಾನವೇ ಹೇಳಿದೆ’ ಅಂತ. ಜೊತೆಗೆ ಅಳುಮೋರೆಯ ಒಂದು ಕೋತಿಮರಿ. ಅದು ನಮ್ಮ ನಂದಿಬೆಟ್ಟದ ಕಡೆಯ ಕೋತಿ. ಅಧ್ಯಯನ ನಡೆದಿರೋದು ಬಬೂನ್ ಅನ್ನೋ ದೊಡ್ಡ ಕೋತಿಗಳ ಮೇಲೆ, ಆಫ್ರಿಕಾದಲ್ಲಿ. ಮೂಲ ಪ್ರಬಂಧ ಹುಡುಕಿ ಓದಿದೆ, ಅದರ ಸಾರ ಇಲ್ಲಿ ಹಾಕ್ತೀನಿ.

ಕೀನ್ಯಾದ ಅಂಬೋಸೆಲಿ. ಕಿಲಿಮಂಜಾರೋ ಬೆಟ್ಟದ ಬುಡದ ಒಣ ಬಯಲು. ಜೀನ್ ಆಲ್ಟ್‌ಮನ್ ಮತ್ತು ಸ್ಟುವರ್ಟ್ ಆಲ್ಟ್‌ಮನ್ 1971ರಲ್ಲಿ ಅಲ್ಲಿನ ಬಬೂನ್‌ಗಳನ್ನು ಒಂದೊಂದಾಗಿ ಗುರುತಿಟ್ಟು ನೋಡೋಕೆ ಶುರು ಮಾಡಿದರು. ಯಾರು ಯಾರ ಮಗಳು, ಯಾವಾಗ ಹುಟ್ಟಿದಳು, ಯಾರ ಪಕ್ಕ ಕೂತು ಹೇನು ಹೆಕ್ಕಿಸಿಕೊಂಡಳು, ಯಾವಾಗ ಸತ್ತಳು, ಎಲ್ಲವೂ ದಾಖಲೆಯಲ್ಲಿದೆ. ಜೆನ್ನಿ ಟಂಗ್, ಎಲಿಜಬೆತ್ ಆರ್ಚಿ, ಜೀನ್ ಆಲ್ಟ್‌ಮನ್, ಸೂಸನ್ ಆಲ್ಬರ್ಟ್ಸ್ ಸೇರಿ 2016ರಲ್ಲಿ ಇದೇ ದಾಖಲೆಯಿಂದ 196 ಹೆಣ್ಣುಗಳ ಬದುಕನ್ನು ಲೆಕ್ಕ ಹಾಕಿದರು. ಎಳೆತನದ ಆರು ಸಂಕಷ್ಟಗಳನ್ನು ಎಣಿಸಿದರು: ಮೊದಲ ವರ್ಷದಲ್ಲೇ ಬರ, ನಾಲ್ಕು ತುಂಬುವ ಮೊದಲು ತಾಯಿಯ ಸಾವು, ತಾಯಿಗೆ ಗುಂಪಿನಲ್ಲಿ ಕೆಳಗಿನ ಸ್ಥಾನ, ತಾಯಿಗೆ ಒಡನಾಟ ಕಡಿಮೆ, ಗುಂಪೇ ವಿಪರೀತ ದೊಡ್ಡದು, ಬೆನ್ನಿಗೇ ಹುಟ್ಟಿದ ತಮ್ಮ ಅಥವಾ ತಂಗಿ. ಮೂರು ಅಥವಾ ಹೆಚ್ಚು ಸಂಕಷ್ಟ ಕಂಡವರು, ಒಂದನ್ನು ಕಂಡ ಅಥವಾ ಒಂದನ್ನೂ ಕಾಣದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಸತ್ತರು. ಬಬೂನ್ ಹೆಣ್ಣಿನ ಮಧ್ಯಮ ಆಯಸ್ಸು ಅಲ್ಲಿ 18.5 ವರ್ಷ ಅನ್ನೋದನ್ನ ನೆನಪಿಟ್ಟುಕೊಂಡು ಓದಿ.

ನನ್ನ ಪ್ರಶ್ನೆ: ಮರಿಯಿದ್ದಾಗಿನ ಒತ್ತಡ ನಿಜಕ್ಕೂ ಮೈಯೊಳಗೆ ಉಳಿದುಬಿಡುತ್ತಾ? ನಮ್ಮ ಕಾಡಿನ ಪ್ರಾಣಿಗಳ ಬಗ್ಗೆ ಇದರಿಂದ ಏನಾದರೂ ಹೇಳಬಹುದಾ?

ಲೆಕ್ಕದ ಮೇಷ್ಟ್ರು

ಸಾರಾಂಶ ಚೆನ್ನಾಗಿದೆ. ಆದರೆ ‘ಬಾಲ್ಯ’ ಅನ್ನೋ ಹೆಸರಿನಲ್ಲಿ ಎಷ್ಟು ಬೇರೆ ಬೇರೆ ವಿಷಯ ತುರುಕಿದ್ದಾರೆ ನೋಡಿ. ಬಬೂನ್ ಹೆಣ್ಣುಗಳಲ್ಲಿ ಸ್ಥಾನಮಾನ ತಾಯಿಯಿಂದ ಮಗಳಿಗೆ ಬರುತ್ತೆ. ತಾಯಿ ಕೆಳಗಿದ್ದರೆ ಮಗಳೂ ಕೆಳಗೇ, ಬದುಕಿಡೀ. ಆಗ ಅವಳ ಆಯಸ್ಸು ಕಡಿಮೆಯಾಗಿದ್ದು ಮರಿಯಿದ್ದಾಗ ಪಟ್ಟ ಕಷ್ಟದಿಂದಲೋ, ದೊಡ್ಡವಳಾದ ಮೇಲೂ ದಿನಾ ತಿಂದ ಪೆಟ್ಟಿನಿಂದಲೋ? ಬೇರ್ಪಡಿಸೋದು ಹೇಗೆ?

ಎರಡನೆಯದು, ಆರಕ್ಕೂ ಒಂದೇ ತೂಕ. ತಾಯಿ ಸತ್ತರೂ ಒಂದು ಅಂಕ, ತಮ್ಮ ಹುಟ್ಟಿದರೂ ಒಂದು ಅಂಕ. ಇದ್ಯಾವ ನ್ಯಾಯ?

ಧಾರವಾಡ ಪೇಡೆ

ತಮ್ಮ ಹುಟ್ಟಿದ್ದು ಸಂಕಷ್ಟ ಅಂತ ಈಗ ವಿಜ್ಞಾನಾನೂ ಒಪ್ಕೊಂತಲ್ರೀ, ನಮ್ಮವ್ವಗ ಇದನ್ನ ಓದಿ ಹೇಳ್ತೀನಿ 😀

ನಂದಿನಿ (ಹಾರ್ಮೋನ್ ಲ್ಯಾಬ್)

ಮೇಷ್ಟ್ರೇ, ಸ್ಥಾನಮಾನದ ವಿಷಯ ಸರಿಯಾಗಿಯೇ ಹಿಡಿದಿದ್ದೀರಿ. ಆದರೆ ಅದು ಆರರಲ್ಲಿ ಒಂದು. ಬರ ತಾಯಿಯ ಸ್ಥಾನ ನೋಡಿ ಬರಲ್ಲ, ಆ ವರ್ಷ ಹುಟ್ಟಿದ ಎಲ್ಲ ಮರಿಗಳ ಮೇಲೂ ಬೀಳುತ್ತೆ. ಚಿರತೆ ಹೊತ್ತೊಯ್ದ ತಾಯಿಯ ಸಾವನ್ನು ಮಗಳು ಆಸ್ತಿಯಂತೆ ಪಡೆದಳು ಅನ್ನೋಕೂ ಆಗಲ್ಲ. ಇನ್ನು ತೂಕದ ಮಾತು. ಒಂದೊಂದೂ ಬಿಡಿಯಾಗಿ ಎಷ್ಟು ಕೆಲಸ ಮಾಡುತ್ತೆ ಅಂತಲೂ ನೋಡಿದ್ದಾರೆ. ಒಂಟಿ ಕಷ್ಟವನ್ನು ಹೆಚ್ಚಿನವು ತಡೆದುಕೊಳ್ಳುತ್ತವೆ, ಒಂದರ ಮೇಲೊಂದು ಬಿದ್ದಾಗಲೇ ಆಯಸ್ಸು ಕುಸಿಯೋದು. ಅದಕ್ಕೇ ಕೂಡಿಸಿ ಎಣಿಸಿದ್ದು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಬಲವಾಗಿ ಕಾಣುತ್ತೆ. ಅದೇ ಅಂಬೋಸೆಲಿಯಿಂದ 2019ರಲ್ಲಿ ಮ್ಯಾಥ್ಯೂ ಜಿಪಲ್ ಮತ್ತು ಸಂಗಡಿಗರು ಒಂದು ತಲೆಮಾರು ಮುಂದೆ ಹೋಗಿ ನೋಡಿದರು. ಮರಿಯಿದ್ದಾಗ ತಾಯಿಯನ್ನು ಕಳೆದುಕೊಂಡ ಹೆಣ್ಣು ಮುಂದೆ ತಾನು ಹೆತ್ತಾಗ, ಆ ಮರಿಗಳು ಮೊದಲ ನಾಲ್ಕು ವರ್ಷದಲ್ಲಿ ಸಾಯೋದು ಹೆಚ್ಚು. ಆ ಮರಿಗಳ ಸ್ವಂತ ಎಳೆತನ ಸುಖವಾಗಿದ್ದರೂ ಕೂಡ! ಅಜ್ಜಿ ಸತ್ತದ್ದು ಮೊಮ್ಮಗುವಿನ ಉಳಿವಿನಲ್ಲಿ ಕಾಣಿಸ್ತಿದೆ.

ಲೆಕ್ಕದ ಮೇಷ್ಟ್ರು

ಅಥವಾ ಆ ವಂಶವೇ ರೋಗಿಷ್ಠ. ಅಜ್ಜಿ ಬೇಗ ಸತ್ತಳು, ತಾಯಿ ಬಡಕಲು, ಮೊಮ್ಮಗು ಉಳಿಯಲಿಲ್ಲ. ಮೂರಕ್ಕೂ ಒಂದೇ ವಂಶವಾಹಿ. ಚಿರತೆ ಹಿಡಿಯೋದೂ ಹಿಂದೆ ಬಿದ್ದವಳನ್ನೇ. ಒಟ್ಟಿಗೆ ಕಂಡವೆಲ್ಲ ಒಂದಕ್ಕೊಂದು ಕಾರಣ ಅಲ್ಲ ನಂದಿನಿಯವರೇ. ಕೈ ಹಾಕಿ ಒಂದನ್ನು ಬದಲಿಸಿ ನೋಡಿದ ಪ್ರಯೋಗ ಇದ್ದರೆ ಹೇಳಿ, ಕೇಳ್ತೀನಿ.

ಕ್ಯಾಲ್ಗರಿ ಕನ್ನಡಿಗ

ಇದೆ ಸರ್, ನಾನಿರೋ ಕೆನಡಾದಲ್ಲೇ. ಯೂಕಾನ್ ಪ್ರದೇಶದ ಕ್ಲುವಾನೆ ಕಡೆ ಕೆಂಪು ಅಳಿಲುಗಳನ್ನು 1987ರಿಂದ ಹಿಂಬಾಲಿಸ್ತಾ ಇದ್ದಾರೆ. ಈ ಅಳಿಲು ಒಂಟಿ ಪ್ರಾಣಿ. ತನ್ನ ಜಾಗ ಕಾಯೋಕೆ ಕಟಕಟ ಅಂತ ಕೂಗುತ್ತೆ. ಬೆನ್ ಡಾಂಟ್ಜರ್ ತಂಡದವರು ಕಾಡಿನಲ್ಲಿ ಸ್ಪೀಕರ್ ಇಟ್ಟು ಆ ಕೂಗನ್ನು ಕೇಳಿಸಿದರು. ಅಳಿಲು ಅಷ್ಟೇ ಇವೆ, ಆಹಾರ ಅಷ್ಟೇ ಇದೆ, ಆದರೆ ತಾಯಿ ಅಳಿಲಿಗೆ ಮಾತ್ರ ‘ಸುತ್ತ ಜನ ಕಿಕ್ಕಿರಿದಿದ್ದಾರೆ’ ಅನ್ನೋ ಭಾವನೆ. ಅವುಗಳ ಮರಿಗಳು ಉಳಿದವಕ್ಕಿಂತ ಬೇಗ ಬೇಗ ಬೆಳೆದವು. ಆಮೇಲೆ ಇನ್ನೊಂದಿಷ್ಟು ಬಸುರಿ ಅಳಿಲುಗಳಿಗೆ ಕಡಲೆಕಾಯಿ ಬೆಣ್ಣೆಯಲ್ಲಿ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಬೆರೆಸಿ ತಿನ್ನಿಸಿದರು. ಅವುಗಳ ಮರಿಗಳೂ ಹಾಗೇ ದಬದಬ ಬೆಳೆದವು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಇದರಲ್ಲಿ ತಾಯಿಯ ಒತ್ತಡ ಮರಿಗೆ ಹಾನಿಯಲ್ಲ, ಒಂದು ಸುದ್ದಿ! ಜಾಗಕ್ಕೆ ಪೈಪೋಟಿ ಇರೋ ವರ್ಷ ಬೇಗ ಬೆಳೆದ ಮರಿಯೇ ಚಳಿಗಾಲ ದಾಟೋದು. ಹಾಗಾಗಿ ಒತ್ತಡ ಅಂದ ಕೂಡಲೇ ಕಣ್ಣೀರು ಹಾಕೋದು ಬೇಡ.

ಧಾರವಾಡ ಪೇಡೆ

ಇದ ನೋಡ್ರಿ ನನಗ ಬೇಕಾಗಿದ್ದು. ಕಷ್ಟದಾಗ ಹುಟ್ಟಿದ್ದು ಕಷ್ಟಕ್ಕ ತಯಾರಾಗಿರತೈತಿ. ಬರದಾಗ ಹುಟ್ಟಿದ ಬಬೂನ್ ಮುಂದ ಬರ ಬಂದ್ರ ಉಳಿದವರಿಗಿಂತ ಚಲೋ ತಡಕೊಂಡಿರಬೇಕಲ್ಲ? ಅದನ್ಯಾರರ ನೋಡ್ಯಾರೇನು?

ನಂದಿನಿ (ಹಾರ್ಮೋನ್ ಲ್ಯಾಬ್)

ನೋಡಿದ್ದಾರೆ ಸರ್, ಉತ್ತರ ನಿಮ್ಮ ಕಡೆಗಿಲ್ಲ. 2009ರಲ್ಲಿ ಅಂಬೋಸೆಲಿಗೆ ಭಯಂಕರ ಬರ. ಜೀಬ್ರಾ, ವಿಲ್ಡೆಬೀಸ್ಟ್‌ಗಳು ರಾಶಿ ರಾಶಿ ಸತ್ತವು. ಅಮಾಂಡಾ ಲೀ ಮತ್ತು ಸಂಗಡಿಗರು 2015ರಲ್ಲಿ ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದರು. ಹಿಂದಿನ ಬರದಲ್ಲಿ ಹುಟ್ಟಿದ್ದ ಹೆಣ್ಣುಗಳು ಈ ಬರಕ್ಕೆ ಹೆಚ್ಚು ಸಿದ್ಧವಾಗಿದ್ದವೇ? ಇಲ್ಲ, ಉಲ್ಟಾ. ಒಳ್ಳೆಯ ಕಾಲದಲ್ಲಿ ಹುಟ್ಟಿದವುಗಳಿಗೆ ಹೋಲಿಸಿದರೆ ಬರದ ಕೂಸುಗಳು 2009ರಲ್ಲಿ ಗರ್ಭ ಧರಿಸಿದ್ದೇ ಕಡಿಮೆ. ಬರದಲ್ಲಿ ಹುಟ್ಟಿಯೂ ತಾಯಿಯ ಸ್ಥಾನ ಮೇಲಿದ್ದವುಗಳಿಗೆ ಮಾತ್ರ ಈ ಪೆಟ್ಟು ಅಷ್ಟಾಗಿ ಬೀಳಲಿಲ್ಲ.

ಅಳಿಲಿಗೂ ಬಬೂನಿಗೂ ವ್ಯತ್ಯಾಸ ಯಾಕೆ ಅಂತ ಯೋಚಿಸಿ. ಅಳಿಲಿನ ತಾಯಿ ಕೊಡೋ ಸುದ್ದಿ ಮುಂದಿನ ಕೆಲವು ತಿಂಗಳದ್ದು, ಹಳಸೋ ಮೊದಲೇ ಬಳಕೆಯಾಗುತ್ತೆ. ಬಬೂನ್ ಇಪ್ಪತ್ತು ವರ್ಷ ಬಾಳೋ ಪ್ರಾಣಿ. ಹುಟ್ಟಿದ ವರ್ಷದ ಮಳೆ ನೋಡಿ ಹದಿನೈದನೇ ವರ್ಷದ ಮಳೆ ಹೇಳೋಕಾಗುತ್ತಾ? ಸಿಗದ ಆಹಾರಕ್ಕೆ ತಕ್ಕಂತೆ ಆ ಮರಿಯ ಮೈ ಹೇಗೋ ಸಂಭಾಳಿಸಿಕೊಂಡು ಬೆಳೆದಿರುತ್ತೆ, ಅಷ್ಟೇ. ಸಾಲ ಮಾಡಿ ಮನೆ ಕಟ್ಟಿದ ಹಾಗೆ, ಕಂತು ಮುಂದಕ್ಕೆ ಬರುತ್ತೆ.

ಕ್ಯಾಲ್ಗರಿ ಕನ್ನಡಿಗ

ಅದೇ ಕ್ಲುವಾನೆಯ ಮೊಲಗಳಲ್ಲಿ ಮಾತ್ರ ಕಥೆ ಕತ್ತಲೆಯದು, ನಂದಿನಿಯವರ ಪರವಾಗಿಯೇ ಹೇಳ್ತೀನಿ. ಹಿಮಮೊಲದ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತೆ. ಇಳಿಯುವ ಕಾಲದಲ್ಲಿ ಲಿಂಕ್ಸ್ ಬೆಕ್ಕು ಎಲ್ಲೆಲ್ಲೂ. ಮೈಕೆಲ್ ಶೆರಿಫ್, ಚಾರ್ಲ್ಸ್ ಕ್ರೆಬ್ಸ್, ರೂಡಿ ಬೂನ್‌ಸ್ಟ್ರಾ ನೋಡಿದ ಪ್ರಕಾರ ಆಗ ತಾಯಿ ಮೊಲದ ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನಿನ ಅಂಶ ಹೆಚ್ಚು, ಮರಿಗಳ ಸಂಖ್ಯೆ ಕಡಿಮೆ, ಹುಟ್ಟಿದವೂ ಸಣ್ಣವು. ವಿಚಿತ್ರ ಏನಂದರೆ ಲಿಂಕ್ಸ್ ಕಡಿಮೆಯಾದ ಮೇಲೂ ಕೆಲವು ವರ್ಷ ಮೊಲ ಚೇತರಿಸಿಕೊಳ್ಳೋದಿಲ್ಲ. ಹುಲ್ಲಿದೆ, ಶತ್ರು ಇಲ್ಲ, ಆದರೂ ಇಲ್ಲ. ತಾಯಂದಿರ ಹೆದರಿಕೆ ಮಕ್ಕಳ ಮೈಗೆ ಇಳಿದಿರೋದೇ ಇದಕ್ಕೆ ಕಾರಣ ಇರಬಹುದು ಅನ್ನೋದು ಅವರ ಊಹೆ.

ಕಾಡುಹರಟೆ

‘ಮೈಗೆ ಇಳಿಯೋದು’ ಅಂದರೆ ಒಳಗೆ ಏನಾಗುತ್ತೆ? ನಂದಿನಿ ಮೇಡಂ, ನಿಮ್ಮ ಕ್ಷೇತ್ರ ಇದು.

ನಂದಿನಿ (ಹಾರ್ಮೋನ್ ಲ್ಯಾಬ್)

ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಅಪಾಯ ಕಂಡಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತೆ, ಅದು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳುತ್ತೆ, ಅಲ್ಲಿಂದ ಕಾರ್ಟಿಸಾಲ್ (ಹಕ್ಕಿ, ಇಲಿಗಳಲ್ಲಾದರೆ ಕಾರ್ಟಿಕೋಸ್ಟಿರಾನ್) ರಕ್ತಕ್ಕೆ ಬರುತ್ತೆ. ಕೂಡಿಟ್ಟ ಸಕ್ಕರೆ, ಕೊಬ್ಬು ಕರಗಿ ಓಡೋಕೆ ಶಕ್ತಿ ಸಿಗುತ್ತೆ. ಬೆಳವಣಿಗೆ, ಸಂತಾನ, ರೋಗನಿರೋಧಕ ಶಕ್ತಿಯ ಕೆಲಸಗಳು ಸ್ವಲ್ಪ ಹೊತ್ತು ಹಿಂದೆ ಸರಿಯುತ್ತವೆ. ಅಪಾಯ ಕಳೆದ ಮೇಲೆ ಅದೇ ಹಾರ್ಮೋನ್ ಮಿದುಳಿಗೆ ಮುಟ್ಟಿ ‘ಸಾಕು, ನಿಲ್ಲಿಸು’ ಅನ್ನುತ್ತೆ. ಈ ‘ಸಾಕು’ ಅನ್ನೋದು ಎಷ್ಟು ಬೇಗ ಕೇಳಿಸುತ್ತೆ ಅನ್ನೋದು ಎಳೆತನದಲ್ಲಿ ರೂಪುಗೊಳ್ಳುತ್ತೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಗುಂಪು ಇಲಿಗಳಲ್ಲಿ ಇದನ್ನು ತೋರಿಸಿತು. ತಾಯಿ ಚೆನ್ನಾಗಿ ನೆಕ್ಕಿ ಬೆಳೆಸಿದ ಮರಿಗಳ ಮಿದುಳಿನಲ್ಲಿ ಆ ಹಾರ್ಮೋನನ್ನು ಗುರುತಿಸೋ ಗ್ರಾಹಕಗಳು ಹೆಚ್ಚು, ಅವು ಬೇಗ ಶಾಂತವಾಗುತ್ತವೆ. ತಾಯಿ ಅಷ್ಟಾಗಿ ನೆಕ್ಕದ ಮರಿಗಳಲ್ಲಿ ಆ ಗ್ರಾಹಕಗಳ ಡಿಎನ್‌ಎ ಭಾಗಕ್ಕೆ ಮೀಥೈಲ್ ಗುರುತು (ಆ ಭಾಗದ ಕೆಲಸ ತಗ್ಗಿಸೋ ರಾಸಾಯನಿಕ ಗುರುತು) ಹೆಚ್ಚು ಅಂಟಿಕೊಂಡಿರುತ್ತೆ. 2004ರ ಪ್ರಬಂಧ ಅದು. ಮೇಷ್ಟ್ರೇ, ಅಲ್ಲಿ ಮರಿಗಳನ್ನು ಅದಲುಬದಲು ಮಾಡಿಯೂ ನೋಡಿದ್ದಾರೆ. ಹೆತ್ತವಳಲ್ಲ, ಸಾಕಿದವಳು ಯಾರು ಅನ್ನೋದರ ಮೇಲೆ ಫಲಿತಾಂಶ ನಿಂತಿತ್ತು. ವಂಶದ ವಾದಕ್ಕೆ ಅಷ್ಟು ಸಾಕಲ್ಲವೇ?

ಕಾಡಿನಲ್ಲಿ ರಕ್ತ ತೆಗೆಯೋಕೆ ಹೋದರೆ ಹಿಡಿದ ಗಾಬರಿಗೇ ಕಾರ್ಟಿಸಾಲ್ ಏರುತ್ತೆ. ಅದಕ್ಕೆ ನಾವು ಲದ್ದಿ, ಹಿಕ್ಕೆಯ ಹಿಂದೆ ಬೀಳೋದು. ಪ್ರಾಣಿಗೆ ಗೊತ್ತೂ ಆಗೋದಿಲ್ಲ. ಅಂಬೋಸೆಲಿಯಲ್ಲಿ 192 ಹೆಣ್ಣುಗಳ ಹಿಕ್ಕೆ ವರ್ಷಗಟ್ಟಲೆ ಕೂಡಿಟ್ಟು ಸ್ಟೇಸಿ ರೋಸನ್‌ಬಾಮ್ ಮತ್ತಿತರರು 2020ರಲ್ಲಿ ಬರೆದರು: ಎಳೆತನದಲ್ಲಿ ಕಷ್ಟ ಕಂಡವುಗಳಲ್ಲಿ ದೊಡ್ಡವಾದ ಮೇಲೂ ಈ ಹಾರ್ಮೋನಿನ ಮಟ್ಟ ಮೇಲೇ ಇದೆ. ಅವಕ್ಕೆ ಗೆಳೆತನವೂ ಕಡಿಮೆ. ‘ಒಂಟಿಯಾದದ್ದರಿಂದಲೇ ಹಾರ್ಮೋನ್ ಏರಿದ್ದು’ ಅಂತ ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ಹಾಕಿದರೆ ಆ ದಾರಿಯಿಂದ ಬಂದ ಪಾಲು ತೀರಾ ಚಿಕ್ಕದು. ಎಳೆತನ ನೇರವಾಗಿಯೇ ಕೈಯಾಡಿಸಿದೆ. ಹಾಗಂತ ಗೆಳೆತನ ವ್ಯರ್ಥ ಅಲ್ಲ. ದೊಡ್ಡವರಾದ ಮೇಲೆ ಒಡನಾಟ ಗಟ್ಟಿಯಿದ್ದ ಹೆಣ್ಣುಗಳು, ಎಳೆತನ ಹೇಗೇ ಇದ್ದಿರಲಿ, ಹೆಚ್ಚು ಕಾಲ ಬದುಕುತ್ತವೆ. 2023ರಲ್ಲಿ ಅದೇ ದಾಖಲೆಯಿಂದ ಬಂದ ಮಾತು ಇದು.

ಲೆಕ್ಕದ ಮೇಷ್ಟ್ರು

ಪಂಜರದ ಇಲಿಯಿಂದ ಕಾಡಿನ ಬಬೂನ್‌ಗೆ ಹಾರೋದು ದೊಡ್ಡ ಜಿಗಿತ. ಇರಲಿ, ಇಲಿಯ ಮಟ್ಟಿಗೆ ನಿಮ್ಮ ಮಾತಿಗೆ ಎದುರಿಲ್ಲ. ಗೊರಿಲ್ಲಾಗಳ ವಿಷಯ ಯಾರೂ ಎತ್ತಲಿಲ್ಲವಲ್ಲ? ರುವಾಂಡಾದ ಜ್ವಾಲಾಮುಖಿ ಬೆಟ್ಟಗಳಲ್ಲಿ ಡಯಾನ್ ಫಾಸಿ 1967ರಲ್ಲಿ ಕರಿಸೋಕೆ ಕೇಂದ್ರ ಶುರು ಮಾಡಿದ್ದು. ಅಂಬೋಸೆಲಿಗಿಂತ ಹಳೆಯ ದಾಖಲೆ. ರಾಬಿನ್ ಮಾರಿಸನ್ ತಂಡ 2023ರಲ್ಲಿ 253 ಪರ್ವತ ಗೊರಿಲ್ಲಾಗಳಲ್ಲಿ ಇದೇ ರೀತಿ ಸಂಕಷ್ಟ ಎಣಿಸಿತು. ತಂದೆ ಅಥವಾ ತಾಯಿಯ ಸಾವು, ಗುಂಪಿನಲ್ಲಿ ಮರಿಹತ್ಯೆ, ಗುಂಪು ಒಡೆಯೋದು ಇತ್ಯಾದಿ. ಎಳೆಯ ವಯಸ್ಸಿನಲ್ಲಿ ಹೆಚ್ಚು ಕಷ್ಟ ಕಂಡವು ಎಳವೆಯಲ್ಲೇ ಹೆಚ್ಚು ಸತ್ತವು, ನಿಜ. ಆದರೆ ಆರು ವರ್ಷ ದಾಟಿದ ಮೇಲೆ ಆಯಸ್ಸಿನಲ್ಲಿ ಕಡಿತ ಇಲ್ಲ. ಮೂರು ಅಥವಾ ಹೆಚ್ಚು ಕಂಡವು ಇನ್ನೂ ಗಟ್ಟಿಯಾಗಿ ಬದುಕಿದ ಸೂಚನೆ ಕೂಡ ಇದೆ.

ಬಬೂನ್ ನೋಡಿ ಬರೆದ ನಿಯಮ ಗೊರಿಲ್ಲಾದ ಹತ್ತಿರ ಬಂದಾಗ ನಿಲ್ಲಲಿಲ್ಲ. ಹಾಗಾದರೆ ಅದು ನಿಯಮವೇ ಅಲ್ಲ.

ಪಶುವೈದ್ಯ ಪುತ್ತೂರು

ಮೇಷ್ಟ್ರೇ, ದುರ್ಬಲ ಮರಿಗಳು ಮೊದಲೇ ಸತ್ತು ಗಟ್ಟಿಗರು ಮಾತ್ರ ಆರು ದಾಟಿದರು ಅಂತಲೂ ಆಗ್ಬಹುದಲ್ಲ ಮಾರಾಯ್ರೆ. ಉಳಿದವರನ್ನು ಮಾತ್ರ ಎಣಿಸಿದರೆ ಎಲ್ಲರೂ ಪೈಲ್ವಾನರೇ ಕಾಣುವುದು. ಮಾರಿಸನ್ ತಂಡವೂ ಅದನ್ನು ಹೇಳಿದೆ.

ಲೆಕ್ಕದ ಮೇಷ್ಟ್ರು

ಬಬೂನ್‌ನಲ್ಲೂ ದುರ್ಬಲರು ಮೊದಲೇ ಸಾಯ್ತಾರೆ ಡಾಕ್ಟ್ರೇ. ಅಲ್ಲೂ ಎಣಿಸಿದ್ದು ನಾಲ್ಕು ವರ್ಷ ದಾಟಿದವರನ್ನೇ. ಅಲ್ಲಿ ಯಾಕೆ ಪೈಲ್ವಾನರು ಕಾಣಲಿಲ್ಲ?

ನಂದಿನಿ (ಹಾರ್ಮೋನ್ ಲ್ಯಾಬ್)

ಈ ಪ್ರಶ್ನೆಯಲ್ಲೇ ಚರ್ಚೆಯ ಜೀವ ಇದೆ ಅಂತ ನನಗನ್ನಿಸುತ್ತೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಕಷ್ಟ ಎಷ್ಟು ಅನ್ನೋದಕ್ಕಿಂತ, ಆ ಹೊತ್ತಿನಲ್ಲಿ ಮರಿಯ ಪಕ್ಕದಲ್ಲಿ ಯಾರಿದ್ದರು ಅನ್ನೋದೇ ಹೆಚ್ಚು ತೀರ್ಮಾನ ಮಾಡುತ್ತೆ.

ತಾಯಿ ಸತ್ತ ಗೊರಿಲ್ಲಾ ಮರಿ ಎಲ್ಲಿಗೆ ಹೋಗುತ್ತೆ ಗೊತ್ತಾ? ಗುಂಪಿನ ಯಜಮಾನ, ಬೆನ್ನು ಬೆಳ್ಳಗಾದ ಆ ದೊಡ್ಡ ಗಂಡು, ಅದರ ಬಳಿಗೆ. ರಾತ್ರಿ ಅದರ ಗೂಡಿನಲ್ಲೇ ಮಲಗುತ್ತೆ. ಓರಗೆಯ ಮರಿಗಳು ಅದನ್ನು ಹೆಚ್ಚು ಹಚ್ಚಿಕೊಳ್ಳುತ್ತವೆ. ಮಾರಿಸನ್ 2021ರಲ್ಲೇ ಇದನ್ನು ಬರೆದಿದ್ದಾರೆ, ತಾಯಿಯನ್ನು ಕಳೆದುಕೊಂಡ ಮರಿಗಳ ಒಡನಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು ಅಂತ. ಜೊತೆಗೆ ಆ ಬೆಟ್ಟದಲ್ಲಿ ಸೊಪ್ಪು ವರ್ಷವಿಡೀ ಸಿಗುತ್ತೆ, ಹಸಿವಿನ ಪ್ರಶ್ನೆ ಕಡಿಮೆ. ಬಬೂನ್ ಮರಿಗೆ ತಾಯಿ ಹೋದರೆ ನೆರಳೂ ಹೋಯಿತು, ಸ್ಥಾನ ಕಾಯುವವಳೂ ಹೋದಳು. ಬರದಲ್ಲಿ ಹುಟ್ಟಿಯೂ 2009ರ ಪೆಟ್ಟು ಅಷ್ಟಾಗಿ ತಿನ್ನದವರು ಯಾರು? ಮೇಲಿನ ಸ್ಥಾನದ ತಾಯಿ ಇದ್ದವರು. ಎರಡೂ ಕಡೆ ಒಂದೇ ಎಳೆ. ಹಾಗಾಗಿ ನಿಯಮ ಬಿದ್ದುಹೋಯಿತು ಅನ್ನೋದನ್ನು ನಾನು ಒಪ್ಪಲ್ಲ.

ಧಾರವಾಡ ಪೇಡೆ

ಹಂಗಾದ್ರ ಕ್ಲುವಾನೆ ಅಳಿಲಿಗೆ ಯಾರದಾರ್ರಿ ಪಕ್ಕದಾಗ? ಅದು ಒಂಟಿ ಪ್ರಾಣಿ ಅಂದ್ರಲ್ಲ.

ಕ್ಯಾಲ್ಗರಿ ಕನ್ನಡಿಗ

ಪೇಡೆ ಸಾಹೇಬ್ರ ಏಟು ಸರಿಯಾದ ಜಾಗಕ್ಕೆ ಬಿತ್ತು. ಅಳಿಲಿಗೆ ಆಸರೆ ಅಂದರೆ ಆಹಾರ. ಅಲ್ಲಿನ ಸ್ಪ್ರೂಸ್ ಮರಗಳು ಕೆಲವು ವರ್ಷಕ್ಕೊಮ್ಮೆ ಒಟ್ಟಿಗೇ ಕಾಯಿ ಸುರಿಸುತ್ತವೆ, ನಮ್ಮಲ್ಲಿ ಬಿದಿರಕ್ಕಿ ಆದಾಗ ಇಲಿಗಳಿಗೆ ಸುಗ್ಗಿ ಆಗಲ್ವಾ, ಹಾಗೆ. ಲಾರೆನ್ ಪೆಟ್ರುಲೊ ಮತ್ತು ಸಂಗಡಿಗರ 2024ರ ಪ್ರಬಂಧದಲ್ಲಿ ಎಳೆತನದಲ್ಲಿ ಕಷ್ಟ ಕಂಡ ಅಳಿಲುಗಳ ಆಯಸ್ಸು ಕಡಿಮೆ ಅಂತಲೇ ಇದೆ. ಆದರೆ ಎರಡನೇ ವರ್ಷದ ಹೊತ್ತಿಗೆ ಕಾಯಿಯ ಸುಗ್ಗಿ ಸಿಕ್ಕರೆ ಆ ಕೊರತೆ ತುಂಬಿಹೋಗುತ್ತೆ. ಹಾಗಾಗಿ ‘ಪಕ್ಕದಲ್ಲಿ ಯಾರಿದ್ದರು’ ಅನ್ನೋದು ಗುಂಪಿನಲ್ಲಿ ಬಾಳೋ ಪ್ರಾಣಿಗಳಿಗೆ ಸರಿ, ಎಲ್ಲಕ್ಕೂ ಅಲ್ಲ.

ಸಕಲೇಶಪುರ ತೋಟ

ಅಳಿಲು ಮೊಲ ಎಲ್ಲಾ ಆಯ್ತು. ಆನೆಗೆ ಬನ್ನಿ ಸ್ವಾಮಿ. ನಮ್ಮ ಕಡೆ ಆನೆಗಳು ಕಾಫಿ ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೀತಿವೆ. ಪಟಾಕಿ, ಟ್ರ್ಯಾಕ್ಟರ್, ಜನರ ಕೂಗಾಟ, ಕರೆಂಟ್ ಬೇಲಿ, ಎಲ್ಲದರ ನಡುವೆ. ನಮ್ಮಪ್ಪನ ಕಾಲದ ಆನೆ ಮನುಷ್ಯನ ವಾಸನೆ ಬಂದರೆ ದೂರ ಹೋಗೋದು. ಈಗಿನವು ಗೇಟ್ ತಳ್ಳಿ ಒಳಗೆ ಬರ್ತವೆ. ಮರಿಯಿದ್ದಾಗಿಂದ ಗಲಾಟೆ ಕೇಳಿ ಕೇಳಿ ತಲೆ ಕೆಟ್ಟಿರೋದು ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ನಿಮ್ಮ ಹಾರ್ಮೋನ್ ಲೆಕ್ಕ ಇದಕ್ಕೆ ಏನನ್ನುತ್ತೆ?

ನಂದಿನಿ (ಹಾರ್ಮೋನ್ ಲ್ಯಾಬ್)

ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು ಸರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸಂಜೀತಾ ಪೋಖರೆಲ್, ರಾಮನ್ ಸುಕುಮಾರ್ ಮತ್ತಿತರರು ನಿಮ್ಮ ಹಾಸನ ಜಿಲ್ಲೆಯ ಆನೆಗಳ ಲದ್ದಿಯನ್ನೇ ಪರೀಕ್ಷಿಸಿದ್ದಾರೆ, 2019ರಲ್ಲಿ ಪ್ರಕಟವಾಗಿದೆ. ಬೆಳೆಗೆ ನುಗ್ಗುವ ಆ ಆನೆಗಳಲ್ಲಿ ಒತ್ತಡದ ಹಾರ್ಮೋನಿನ ಅಂಶ ಸಂರಕ್ಷಿತ ಕಾಡಿನ ಆನೆಗಳಿಗಿಂತ ಕಡಿಮೆ ಇತ್ತು! ಕಾರಣ ಅವರು ಹುಡುಕಿದ್ದು ಹೊಟ್ಟೆಯಲ್ಲಿ. ಭತ್ತ, ಬಾಳೆ, ಜೋಳದಂಥ ಪುಷ್ಟಿಯ ಮೇವು ಸಿಕ್ಕರೆ ಗಲಾಟೆಯ ಒತ್ತಡವನ್ನು ಅದು ಮುಚ್ಚಿಹಾಕುತ್ತೆ.

ಸಕಲೇಶಪುರ ತೋಟ

ಅಂದರೆ ನನ್ನ ಭತ್ತ ತಿಂದು ಅವು ನೆಮ್ಮದಿಯಾಗಿವೆ, ಹಾರ್ಮೋನ್ ಏರಿರೋದು ನನಗೆ. ನನ್ನದೂ ಒಂದು ಸ್ಯಾಂಪಲ್ ತಗೊಳ್ಳಿ ಮೇಡಂ.

ಲೆಕ್ಕದ ಮೇಷ್ಟ್ರು

ಹಾ! ಇಲ್ಲೇ ನೋಡಿ. ಹಾರ್ಮೋನ್ ಕಡಿಮೆ ಇದ್ದರೆ ‘ಮೇವು ಚೆನ್ನಾಗಿದೆ’, ಹೆಚ್ಚಿದ್ದರೆ ‘ಒತ್ತಡ’. ಹೇಗೆ ಬಂದರೂ ಒಂದು ವಿವರಣೆ ಸಿದ್ಧ.

ನಂದಿನಿ (ಹಾರ್ಮೋನ್ ಲ್ಯಾಬ್)

ಅದಕ್ಕೇ ಒಂದೇ ಅಳತೆ ಹಿಡಿದು ಪ್ರಾಣಿಯ ಬದುಕು ಹೇಳಬಾರದು ಅನ್ನೋದು. ಲದ್ದಿಯ ಹಾರ್ಮೋನ್ ಆ ಒಂದೆರಡು ದಿನದ ಸ್ಥಿತಿ ಹೇಳುತ್ತೆ. ಮರಿಯಿದ್ದಾಗ ಏನಾಯಿತು ಅಂತ ತಿಳಿಯಬೇಕಾದರೆ ಆ ಮರಿಯನ್ನು ಹುಟ್ಟಿದಾಗಿನಿಂದ ನೋಡಿರಬೇಕು. ತೋಟದ ಆನೆಗಳು ಧೈರ್ಯವಾಗಿರೋದು ‘ತಲೆ ಕೆಟ್ಟು’ ಅಲ್ಲ, ತಾಯಿಯ ಹಿಂದೆ ನಡೆದು ಕಲಿತು ಅಂತ ನನ್ನ ಅನಿಸಿಕೆ. ಯಾವ ಬೇಲಿಯಲ್ಲಿ ಕರೆಂಟ್ ಇದೆ, ಯಾವ ಗೇಟ್ ಸಡಿಲ ಅನ್ನೋದನ್ನು ತಾಯಿ ಕಲಿಸ್ತಾಳೆ.

ಪಶುವೈದ್ಯ ಪುತ್ತೂರು

ಆನೆಯಲ್ಲಿ ಎಳೆತನ ಕೆಟ್ಟರೆ ಏನಾಗುತ್ತದೆ ಅಂತ ಕೇಳುವವರು ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಕಥೆ ಕೇಳಬೇಕು. ಕ್ರೂಗರ್ ಕಾಡಿನಲ್ಲಿ ಆನೆ ಹೆಚ್ಚಾಯಿತು ಅಂತ ಹಿಂಡುಗಳನ್ನೇ ಗುಂಡಿಟ್ಟು ಕೊಲ್ಲುತ್ತಿದ್ದ ಕಾಲ. ದೊಡ್ಡವುಗಳನ್ನು ಕೊಂದು, ಮರಿಗಳನ್ನು ಲಾರಿಗೆ ಹಾಕಿ ಬೇರೆ ಕಾಡುಗಳಿಗೆ ಸಾಗಿಸಿದರು. ಪಿಲಾನೆಸ್‌ಬರ್ಗ್‌ಗೆ ಹೋದವು ತಾಯಿ, ಅಜ್ಜಿ, ಸಲಗ ಯಾರೂ ಇಲ್ಲದೆ ಬೆಳೆದವು. ಬೆಳೆದ ಗಂಡುಗಳಿಗೆ ಮದ ಬರಬೇಕಾದ ವಯಸ್ಸಿಗಿಂತ ಬಹಳ ಮೊದಲೇ ಬಂತು, ಬಂದದ್ದು ತಿಂಗಳುಗಟ್ಟಲೆ ಇಳಿಯಲಿಲ್ಲ. 1992ರಿಂದ 1997ರ ನಡುವೆ ಅವು ನಲವತ್ತಕ್ಕಿಂತ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು.

ಆಮೇಲೆ 1998ರಲ್ಲಿ ಕ್ರೂಗರ್‌ನಿಂದ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ದೊಡ್ಡವರು ಎದುರಿಗಿದ್ದರೆ ಎಳೆಯ ಗಂಡಿನ ಮದ ಇಳಿದುಹೋಗುತ್ತದೆ, ಇದು ನಮ್ಮ ಮಾವುತರಿಗೂ ಗೊತ್ತಿರುವ ಸಂಗತಿ. ಘೇಂಡಾ ಕೊಲೆ ನಿಂತಿತು. ರಾಬ್ ಸ್ಲೋಟೊವ್ ಮತ್ತಿತರರು 2000ದಲ್ಲಿ ‘ನೇಚರ್’ನಲ್ಲಿ ಬರೆದರು. ಔಷಧ ಇಲ್ಲ, ಚುಚ್ಚುಮದ್ದು ಇಲ್ಲ, ಆರು ಹಿರಿಯರು, ಅಷ್ಟೇ! ಪಶುವೈದ್ಯನಾಗಿ ನನಗೆ ಇದಕ್ಕಿಂತ ಇಷ್ಟದ ಚಿಕಿತ್ಸೆ ಇನ್ನೊಂದಿಲ್ಲ.

ಲೆಕ್ಕದ ಮೇಷ್ಟ್ರು

ಒಂದು ಕಾಡು, ಒಂದು ಸಲ. ಹೋಲಿಸೋಕೆ ಸಲಗ ಬಿಡದ ಇನ್ನೊಂದು ಪಿಲಾನೆಸ್‌ಬರ್ಗ್ ಇಲ್ಲ. ಅದಿರಲಿ, ನಿಮ್ಮ ಕಥೆ ನನ್ನ ಪರವಾಗಿಯೇ ಇದೆ ಡಾಕ್ಟ್ರೇ. ಹಿರಿಯರು ಬಂದ ಕೂಡಲೇ ಸರಿಹೋಗುವುದಾದರೆ ಎಳೆತನದ ಪೆಟ್ಟು ಒಳಗೆ ಉಳಿದಿರಲಿಲ್ಲ ಅಂತಾಯಿತು. ಇದ್ದದ್ದು ಸದ್ಯದ ಪರಿಸ್ಥಿತಿಯ ತೊಂದರೆ.

ಪಶುವೈದ್ಯ ಪುತ್ತೂರು

ಗಂಡುಗಳ ಮದ ಸರಿಹೋಯಿತು, ಒಪ್ಪಿದೆ. ಹೆಣ್ಣುಗಳದ್ದು ಕೇಳಿ. ಗ್ರೇಮ್ ಶಾನನ್, ಕರೆನ್ ಮೆಕ್‌ಕೋಂಬ್ ಮತ್ತಿತರರು 2013ರಲ್ಲಿ ಅದೇ ಪಿಲಾನೆಸ್‌ಬರ್ಗ್ ಹಿಂಡುಗಳಿಗೂ ಅಂಬೋಸೆಲಿಯ ನೆಮ್ಮದಿಯ ಹಿಂಡುಗಳಿಗೂ ಬೇರೆ ಆನೆಗಳ ಕೂಗನ್ನು ಸ್ಪೀಕರಿನಲ್ಲಿ ಕೇಳಿಸಿದರು. ಗುರುತಿನವರ ಕೂಗು, ಗುರುತಿಲ್ಲದವರ ಕೂಗು, ಎಳೆಯ ಹೆಣ್ಣಿನದು, ಮುದಿ ಯಜಮಾನಿಯದು. ಅಂಬೋಸೆಲಿಯವು ಅಪರಿಚಿತರ ಕೂಗಿಗೆ, ಅದರಲ್ಲೂ ದೊಡ್ಡ ಹೆಣ್ಣಿನ ಕೂಗಿಗೆ ಒತ್ತೊತ್ತಾಗಿ ನಿಂತು ಎಚ್ಚರ ವಹಿಸಿದವು. ಪಿಲಾನೆಸ್‌ಬರ್ಗಿನವಕ್ಕೆ ಆ ವ್ಯತ್ಯಾಸವೇ ತಿಳಿಯಲಿಲ್ಲ. ಹಿಂಡು ಕಳೆದುಕೊಂಡು ದಶಕಗಳಾಗಿತ್ತು ಆಗ. ಯಾರಿಗೆ ಹೆದರಬೇಕು ಅಂತ ಹೇಳಿಕೊಡುವ ಅಜ್ಜಿ ಇರಲಿಲ್ಲ, ಆಮೇಲೆ ಅದನ್ನು ಕಲಿಯಲೂ ಆಗಲಿಲ್ಲ. ಇದು ‘ಸದ್ಯದ ಪರಿಸ್ಥಿತಿ’ ಹೇಗಾಗುತ್ತದೆ?

ಕಾಡುಹರಟೆ

ಹಾಗಾದರೆ ನಮ್ಮಲ್ಲಿ ಆನೆ ಹಿಡಿದು ಸಾಗಿಸುವಾಗ ಇದನ್ನೆಲ್ಲ ಯಾರಾದರೂ ನೋಡ್ತಾರಾ? ಒಂದು ಸಲಗ ಹಿಡಿದರೆ ಊರಿಗೆ ಸಂಭ್ರಮ. ಆ ಸಲಗವನ್ನು ನೋಡಿ ತಗ್ಗಿ ನಡೀತಿದ್ದ ಎಳೆಯ ಗಂಡುಗಳ ಗತಿ?

ಸಕಲೇಶಪುರ ತೋಟ

ಸ್ವಾಮಿ, ಆ ಸಲಗ ಆಳು ಮಕ್ಕಳನ್ನ ಕೊಂದಿದ್ದರೆ ಬಿಟ್ಟುಕೊಂಡು ಕೂರೋಕಾಗುತ್ತಾ? ಆಫ್ರಿಕಾದ ಪ್ರಬಂಧ ಓದಿ ನಮ್ಮೂರಿನ ತೀರ್ಮಾನ ಮಾಡಬೇಡಿ. ಒಂದು ಮಾತು ಮಾತ್ರ ಒಪ್ತೀನಿ. ಒಂದನ್ನು ಹಿಡಿದ ಮೇಲೆ ಎಳೆಯವು ಎರಡು ಬಂದು ಇನ್ನೂ ಜಾಸ್ತಿ ಕಾಟ ಕೊಡೋದನ್ನ ನಾವೂ ನೋಡಿದ್ದೀವಿ. ಮರಿ ಇರೋ ಹೆಣ್ಣಾನೆ ಹಿಡಿದು ಬೇರೆ ಕಡೆ ಬಿಡೋದಂತೂ ತಪ್ಪು.

ನಂದಿನಿ (ಹಾರ್ಮೋನ್ ಲ್ಯಾಬ್)

ಏಷ್ಯಾದ ಆನೆಗಳ ಬಗ್ಗೆಯೇ ಒಂದು ದಾಖಲೆ ಇದೆ ಸರ್, ಆಫ್ರಿಕಾ ಬೇಡ ಅಂದರೆ. ಮ್ಯಾನ್ಮಾರ್‌ನಲ್ಲಿ ಸರಕಾರಿ ಮರ ಸಾಗಣೆಯ ಆನೆಗಳ ಹುಟ್ಟು-ಸಾವಿನ ಲೆಕ್ಕ ತಲೆಮಾರುಗಟ್ಟಲೆ ಬರೆದಿಟ್ಟಿದ್ದಾರೆ. ಹಗಲು ದುಡಿಮೆ, ರಾತ್ರಿ ಕಾಡಿನಲ್ಲಿ ಮೇವು, ಅರೆಕಾಡಿನ ಬದುಕು. ಅಲ್ಲಿ ಜೂನ್‌ನಿಂದ ಆಗಸ್ಟ್ ಆನೆಗಳಿಗೆ ಒತ್ತಡ ಹೆಚ್ಚಿರೋ ತಿಂಗಳು. ಹನ್ನಾ ಮಂಬಿ, ವಿರ್ಪಿ ಲುಮ್ಮಾ ಮತ್ತಿತರರು 2015ರಲ್ಲಿ ತೋರಿಸಿದ್ದು ಏನಂದರೆ, ಆ ತಿಂಗಳುಗಳಲ್ಲಿ ಹುಟ್ಟಿದ ಮರಿಗಳು ಸಾಯೋದು ಹೆಚ್ಚು. ಉಳಿದ ಹೆಣ್ಣುಗಳು ಎಳೆವಯಸ್ಸಿನಲ್ಲಿ ಬೇಗ ಬೇಗ ಹೆತ್ತು, ನಂತರ ಬೇಗನೇ ಹೆರುವ ಶಕ್ತಿ ಕಳೆದುಕೊಳ್ತವೆ. ಹುಟ್ಟಿದ ತಿಂಗಳು ದಶಕಗಳ ನಂತರ ಬಸಿರಿನಲ್ಲಿ ಕಾಣಿಸ್ತಿದೆ.

ಲೆಕ್ಕದ ಮೇಷ್ಟ್ರು

ಇದು ನನಗೆ ಬಬೂನ್ ಲೆಕ್ಕಕ್ಕಿಂತ ಹಿಡಿಸಿತು. ಹುಟ್ಟಿದ ತಿಂಗಳನ್ನು ಯಾವ ವಂಶವೂ ಆರಿಸಿಕೊಳ್ಳೋದಿಲ್ಲ. ಆದರೆ ಮ್ಯಾನ್ಮಾರ್‌ನ ದುಡಿಯುವ ಆನೆ ಹಾಸನದ ತೋಟದ ಆನೆಯಲ್ಲ. ನಮ್ಮ ಕಾಡಾನೆಗಳನ್ನು ಹುಟ್ಟಿ ಸಾಯುವವರೆಗೆ ಒಂದೊಂದಾಗಿ ಗುರುತಿಟ್ಟ ದಾಖಲೆ ಇಲ್ಲದೆ, ‘ಎಳೆತನದಿಂದಲೇ ಹೀಗಾಯಿತು’ ಅಂತ ಯಾರೇ ಬರೆದರೂ ನಾನು ನಂಬಲ್ಲ.

ಪಶುವೈದ್ಯ ಪುತ್ತೂರು

ಶುರುವಾಗಿದೆ ಮಾರಾಯ್ರೆ. ಕಬಿನಿ ಹಿನ್ನೀರಿನ ಸುತ್ತ, ನಾಗರಹೊಳೆ-ಬಂಡೀಪುರದಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಟಿ.ಎನ್.ಸಿ. ವಿದ್ಯಾ ಅವರ ತಂಡ 2009ರಿಂದ ಆನೆಗಳನ್ನು ಕಿವಿ, ಬಾಲ, ದಂತ ನೋಡಿ ಒಂದೊಂದನ್ನೇ ಗುರುತಿಸಿ ದಾಖಲಿಸುತ್ತಿದೆ. ಆಗ ಹುಟ್ಟಿದ ಮರಿಗಳು ಈಗ ತಾಯಂದಿರಾಗುವ ವಯಸ್ಸು. ಆನೆ ಅರವತ್ತು ವರ್ಷ ಬದುಕುತ್ತದೆ. ನೀವು ಕೇಳುವಂಥ ಪೂರ್ತಿ ಲೆಕ್ಕ ಬೇಕಾದರೆ ಇನ್ನೊಂದು ನಲವತ್ತೈದು ವರ್ಷ ಕಾಯಬೇಕು, ಅಷ್ಟೇ.

ಸಕಲೇಶಪುರ ತೋಟ

ಕಾಯಿರಿ. ಅಷ್ಟರೊಳಗೆ ನಾನು ಭತ್ತ ಬಿಟ್ಟು ಮೆಣಸು ಹಾಕಿರ್ತೀನಿ, ಅದನ್ನೂ ತಿನ್ನೋದನ್ನ ಯಾವ ತಾಯಿಯೂ ಮರಿಗೆ ಕಲಿಸದಿದ್ದರೆ ಸಾಕು.